ಔಷಧ ಪ್ರಯೋಗಗಳು ಮತ್ತು ಮಹಿಳೆಯರು: ಹೈದರಾಬಾದಿನ ಅನುಭವ

ಹೊಸ ಔಷಧವಾಗಲಿ ಲಸಿಕೆಯಾಗಲಿ ಜನಸಾಮಾನ್ಯರ ಬಳಕೆಗೆ ಬರುವ ಮುನ್ನ ಹಲವು ಹಂತಗಳಲ್ಲಿ ಮನುಷ್ಯರ ಮೇಲೆ ಪರೀಕ್ಷೆಗೆ ಒಳಪಡುತ್ತದೆ. ಮೊದಲು ಕೆಲವೇ ಮಂದಿಗೆ ಕೊಟ್ಟು ಅದರ ಸುರಕ್ಷಿತತೆಯನ್ನು ನೋಡುತ್ತಾರೆ. ಅನಂತರ ನೂರಾರು, ಕೊನೆಗೆ ಸಾವಿರಾರು ಮಂದಿಗೆ ಕೊಟ್ಟು ಪ್ರಮಾಣ, ಗುಣ ಮತ್ತು ಅಡ್ಡಪರಿಣಾಮಗಳನ್ನು ನಿರ್ಧರಿಸುತ್ತಾರೆ. ಇವನ್ನು ಚಿಕಿತ್ಸಾ ಪ್ರಯೋಗಗಳೆಂದು ಕರೆಯಲಾಗುತ್ತದೆ. ಇವುಗಳಲ್ಲಿ ಮಹಿಳೆಯರಿಗೆ ಎರಡು ಬಗೆಯ ಅನ್ಯಾಯ ಆಗಿದೆ. ಕೆಲವೆಡೆ ಅವರನ್ನು ಹೊರಗಿಡಲಾಗಿದೆ. ಕೆಲವೆಡೆ ಅವರ ಅರಿವಿಗೇ ಬಾರದಂತೆ ಸೇರಿಸಿಕೊಳ್ಳಲಾಗಿದೆ. ಔಷಧ ಮತ್ತು ಲಸಿಕೆಗಳ ತಯಾರಿಕೆಗೆ ಹೆಸರಾದ ಹೈದರಾಬಾದ್ ಮತ್ತು ಅದರ ಸುತ್ತಿನ ಪ್ರದೇಶ ಎರಡನ್ನೂ ಕಂಡಿದೆ.

ಬೀದರಿನಿಂದ ಚಿಕಿತ್ಸೆಗಾಗಿ ಹೈದರಾಬಾದಿಗೆ ಹೋಗುವವರು ಜಹೀರಾಬಾದ್, ಸಂಗಾರೆಡ್ಡಿಗಳನ್ನು ದಾಟಿದ ಮೇಲೆ ಪಟಾಂಚೆರು ಎಂಬ ಊರನ್ನು ಹಾದುಹೋಗುತ್ತಾರೆ. 1985ರಲ್ಲಿ ಇಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ‘ನೆಟ್-ಎನ್’ ಎಂಬ ಗರ್ಭನಿರೋಧಕ ಚುಚ್ಚುಮದ್ದನ್ನು ನೀಡಲು ಬಡ ಕುಟುಂಬಗಳ ಹೆಂಗಸರನ್ನು ಸೇರಿಸಲಾಗಿತ್ತು. ಎರಡು ತಿಂಗಳಿಗೊಮ್ಮೆ ಕೊಡಬೇಕಾದ ಈ ಮದ್ದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ದೇಶದಲ್ಲಿ ನಡೆಸುತ್ತಿದ್ದ ಪ್ರಯೋಗಕ್ಕೆ ಸೇರಿದ್ದಾಗಿತ್ತು. ಹೈದರಾಬಾದಿನ ಸ್ತ್ರೀ ಶಕ್ತಿ ಸಂಘಟನದ ಸದಸ್ಯೆಯರು ಅಲ್ಲಿಗೆ ಹೋಗಿ ವಿಚಾರಿಸಿದರು. ಈ ಚುಚ್ಚುಮದ್ದಿನಿಂದ ಬಸಿರು ನಿಲ್ಲುವುದಿಲ್ಲ ಎಂಬುದಷ್ಟೇ ಆ ಹೆಂಗಸರಿಗೆ ಗೊತ್ತಿತ್ತು. ಅದು ಪ್ರಯೋಗ ಎಂಬುದಾಗಲಿ, ಅದರಿಂದ ಮುಟ್ಟಿನಲ್ಲಿ ಏರುಪೇರಾಗಬಹುದು ಎಂಬುದಾಗಲಿ ಅವರಿಗೆ ತಿಳಿದಿರಲಿಲ್ಲ. ವಿಷಯ ತಿಳಿದ ಮೇಲೆ ಹಲವರು ಹಿಂದೆ ಸರಿದರು.

1986ರಲ್ಲಿ ಈ ಸಂಘಟನವು ದೆಹಲಿಯ ಸಹೇಲಿ ಮೊದಲಾದವರೊಡನೆ ಸೇರಿ ಸರ್ವೋಚ್ಚ ನ್ಯಾಯಾಲಯದ ಮೊರೆಹೋಯಿತು. ಪ್ರಕರಣ ಮುಗಿದದ್ದು 2000ದಲ್ಲಿ. ಸರಿಯಾದ ಸಲಹೆ ಮತ್ತು ಅನಂತರದ ತಪಾಸಣೆಯ ಸೌಲಭ್ಯಗಳಿಲ್ಲದೆ ಈ ಮದ್ದನ್ನು ಕುಟುಂಬ ಯೋಜನೆಯಲ್ಲಿ ಸಾಮೂಹಿಕವಾಗಿ ಬಳಸುವುದು ಸೂಕ್ತವಲ್ಲವೆಂದು ಸರ್ಕಾರವೇ ಒಪ್ಪಿಕೊಂಡಿತು. ಮೂರು ತಿಂಗಳಿಗೊಮ್ಮೆ ನೀಡುವ ಬೇರೊಂದು ಚುಚ್ಚುಮದ್ದು ‘ಅಂತರ’ ಎಂಬ ಹೆಸರಿನಲ್ಲಿ ಸರ್ಕಾರಿ ಕಾರ್ಯಕ್ರಮಕ್ಕೆ ಬಂದದ್ದು 2017ರಲ್ಲಿ. ಚುಚ್ಚುಮದ್ದು ಒಳ್ಳೆಯದೋ ಕೆಟ್ಟದೋ ಎಂಬ ಚರ್ಚೆ ಬೇರೆ. ಪಟಾಂಚೆರುವಿನ ಹೆಂಗಸರಿಗೆ ಆ ಚರ್ಚೆಯಲ್ಲಿ ಮಾತನಾಡುವ ಅವಕಾಶವೇ ಇರಲಿಲ್ಲ ಎಂಬುದು ಇಲ್ಲಿ ಮುಖ್ಯ.

ಇಂಥದೇ ಲೋಪ ಕಾಲು ಶತಮಾನದ ನಂತರವೂ ಕಾಣಿಸಿಕೊಂಡಿತು. 2009ರಲ್ಲಿ ಅಂದಿನ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆಯಲ್ಲಿ ಸುಮಾರು 14 ಸಾವಿರ ಬಾಲಕಿಯರಿಗೆ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಎಚ್.ಪಿ.ವಿ. ಲಸಿಕೆಯನ್ನು ಅಧ್ಯಯನದ ಅಂಗವಾಗಿ ನೀಡಲಾಯಿತು. ಅವರಲ್ಲಿ ಗಿರಿಜನರ ಮಕ್ಕಳು ಬಹಳ ಮಂದಿ ಇದ್ದರು. ಅನೇಕ ಒಪ್ಪಿಗೆ ಪತ್ರಗಳಲ್ಲಿ ತಂದೆತಾಯಿಯರ ಬದಲು ವಿದ್ಯಾರ್ಥಿನಿಲಯದ ಮೇಲ್ವಿಚಾರಕರ ಸಹಿ ಇದ್ದುದು ವಿಚಾರಣೆಯಲ್ಲಿ ಹೊರಬಿತ್ತು. 2010ರ ಏಪ್ರಿಲ್‌ನಲ್ಲಿ ಅಧ್ಯಯನವನ್ನು ನಿಲ್ಲಿಸಲಾಯಿತು. 2013ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿ ಇದನ್ನು ಕಟುವಾಗಿ ಟೀಕಿಸಿತು. ಲಸಿಕೆ ಪಡೆದವರಲ್ಲಿ ಕೆಲವರ ಸಾವಿಗೂ ಲಸಿಕೆಗೂ ಸಂಬಂಧ ಕಂಡುಬರಲಿಲ್ಲ. ಆದರೂ ಒಳ್ಳೆಯ ಲಸಿಕೆಯೊಂದರ ಮೇಲೆ ಜನರಲ್ಲಿ ಹುಟ್ಟಿದ ಸಂಶಯ ಬಹುಕಾಲ ಉಳಿಯಿತು. ಒಪ್ಪಿಗೆಯಲ್ಲಿ ಮಾಡಿದ ಅವಸರದ ಬೆಲೆ ಇದು.

ಇನ್ನು ಹೊರಗಿಡುವ ಅನ್ಯಾಯ. 1950ರ ದಶಕದ ಕೊನೆಯಲ್ಲಿ ಹೊರದೇಶಗಳಲ್ಲಿ ಗರ್ಭಿಣಿಯರು ಥಾಲಿಡೊಮೈಡ್ ಎಂಬ ಔಷಧ ಸೇವಿಸಿದ್ದರಿಂದ ಸಾವಿರಾರು ಮಕ್ಕಳು ಕೈಕಾಲುಗಳ ಊನದಿಂದ ಹುಟ್ಟಿದರು. ಇಂಥ ದುರಂತಗಳ ಹಿನ್ನೆಲೆಯಲ್ಲಿ 1977ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಹೆರುವ ವಯಸ್ಸಿನ ಮಹಿಳೆಯರನ್ನು ಆರಂಭಿಕ ಹಂತದ ಪ್ರಯೋಗಗಳಿಂದ ದೂರವಿಡುವಂತೆ ಸೂಚಿಸಿತು. ಸರಿಯಾಗಿ ಪರೀಕ್ಷಿಸದೆ ಕೊಟ್ಟದ್ದು ತಪ್ಪು. ಅದರಿಂದ ಕಲಿತದ್ದು ಮಾತ್ರ ಪರೀಕ್ಷಿಸುವುದೇ ಬೇಡವೆಂಬ ಪಾಠ! 1993ರಲ್ಲಿ ಆ ಸೂಚನೆಯನ್ನು ಹಿಂತೆಗೆದುಕೊಳ್ಳಲಾಯಿತು. ಪುರುಷ ಮತ್ತು ಮಹಿಳೆಯರ ದೇಹತೂಕ, ಕೊಬ್ಬಿನ ಪ್ರಮಾಣ, ಹಾರ್ಮೋನುಗಳು ಹಾಗೂ ಔಷಧವನ್ನು ಹೊರಹಾಕುವ ವೇಗ ಬೇರೆಬೇರೆ. ಜೋಲ್ಪಿಡೆಮ್ ಎಂಬ ನಿದ್ರೆಯ ಮಾತ್ರೆ ಬಳಕೆಗೆ ಬಂದು ಇಪ್ಪತ್ತು ವರ್ಷಗಳಾದ ಮೇಲೆ, 2013ರಲ್ಲಿ, ಮಹಿಳೆಯರಿಗೆ ಅದರ ಪ್ರಮಾಣವನ್ನು 10 ಮಿಲಿಗ್ರಾಮಿನಿಂದ 5ಕ್ಕೆ ಇಳಿಸಬೇಕಾಯಿತು. ಅಷ್ಟು ವರ್ಷ ಅವರು ಹೆಚ್ಚಿನ ಪ್ರಮಾಣವನ್ನೇ ನುಂಗಿದ್ದರು.

ಹೈದರಾಬಾದಿನಲ್ಲೇ ತಯಾರಾದ ಕೋವ್ಯಾಕ್ಸಿನ್ ಲಸಿಕೆಯ ಉದಾಹರಣೆ ಹತ್ತಿರದ್ದು. 2020ರ ನವೆಂಬರಿನಲ್ಲಿ ಆರಂಭವಾದ ಅದರ ಮೂರನೆಯ ಹಂತದ ಪ್ರಯೋಗದಲ್ಲಿ 25 ಸಾವಿರಕ್ಕೂ ಹೆಚ್ಚು ಮಂದಿ ಇದ್ದರು; ಗರ್ಭಿಣಿಯರನ್ನು ಸೇರಿಸಿಕೊಂಡಿರಲಿಲ್ಲ. ಆದ್ದರಿಂದ 2021ರ ಜನವರಿಯಲ್ಲಿ ಲಸಿಕಾ ಕಾರ್ಯ ಆರಂಭವಾದಾಗ ಅವರಿಗೆ ಲಸಿಕೆ ಕೊಡಲಾಗಲಿಲ್ಲ. ಕೇಂದ್ರ ಆರೋಗ್ಯ ಸಚಿವಾಲಯದ ಅನುಮತಿ ದೊರೆತದ್ದು ಜುಲೈ 2ರಂದು. ಸೋಂಕಿನ ಎರಡನೆಯ ಅಲೆ ಅಷ್ಟರಲ್ಲಿ ಬಂದುಹೋಗಿತ್ತು.

ಮೇಲ್ನೋಟಕ್ಕೆ ಎಲ್ಲರಿಗೂ ಸಮಾನವೆನಿಸುವ ನಿಯಮವೂ ಮಹಿಳೆಯರನ್ನು ಹೊರಗಿಡಬಲ್ಲುದು. ರಕ್ತದಲ್ಲಿ ಹಿಮೋಗ್ಲೋಬಿನ್ ಇಂತಿಷ್ಟು ಇರಲೇಬೇಕೆಂದು ಅನೇಕ ಪ್ರಯೋಗಗಳಲ್ಲಿ ವಿಧಿಸಲಾಗುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಇದೆ, ಪುರುಷರಲ್ಲಿ ಶೇ. 25. ರಕ್ತಹೀನತೆಯಿಂದ ಬಳಲುವ ಹೆಣ್ಣುಮಗಳೇ ನಾಳೆ ಆ ಮಾತ್ರೆಯನ್ನು ನುಂಗುವವಳು. ಪೋಷಣೆ ಕಡಿಮೆಯಾದ ದೇಹ ಔಷಧವನ್ನು ಬೇರೆ ರೀತಿಯಲ್ಲಿ ಜೀರ್ಣಿಸಿಕೊಳ್ಳುತ್ತದೆ ಎಂಬ ವಿಷಯದಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಲ್ಲಿ, ಮುಂದೆ ಅದರ ನಿರ್ದೇಶಕಿಯೂ ಆದ ಡಾ. ಕಮಲಾ ಕೃಷ್ಣಸ್ವಾಮಿಯವರು ಕೆಲಸ ಮಾಡಿದ್ದಾರೆ. ಜೊತೆಗೆ ಕೂಲಿ ಬಿಟ್ಟು ಬರಲಾಗದಿರುವುದು, ಮಗುವನ್ನು ನೋಡಿಕೊಳ್ಳುವವರಿಲ್ಲದಿರುವುದು, ಮನೆಯವರ ಅಡ್ಡಿ ಇವೆಲ್ಲ ಸೇರುತ್ತವೆ. ಪ್ರಯಾಣದ ವೆಚ್ಚ ಮತ್ತು ಕಳೆದುಕೊಂಡ ಕೂಲಿಯನ್ನು ತುಂಬಿಕೊಡಲು ಸಂಶೋಧನಾ ಮಂಡಳಿಯ 2017ರ ನೈತಿಕ ಮಾರ್ಗಸೂಚಿಗಳಲ್ಲಿ ಅವಕಾಶವಿದೆ. ಮಹಿಳೆಯರಿಗೆ ಸಂಶೋಧನೆಯಲ್ಲಿ ಭಾಗವಹಿಸುವ ಸಮಾನ ಹಕ್ಕಿದೆ ಎಂದೂ ಅವು ಹೇಳುತ್ತವೆ. ಲೈಂಗಿಕ ಅಲ್ಪಸಂಖ್ಯಾತರ ವಿಷಯದಲ್ಲಿ ವಿಶೇಷ ಎಚ್ಚರಿಕೆಯನ್ನು ಸೂಚಿಸುತ್ತವೆ.

ಕಾನೂನಿನ ರಕ್ಷಣೆ ಈಗ ಮೊದಲಿಗಿಂತ ಬಲವಾಗಿದೆ. 2019ರ ಹೊಸ ಔಷಧಗಳು ಮತ್ತು ಚಿಕಿತ್ಸಾ ಪ್ರಯೋಗಗಳ ನಿಯಮಗಳಂತೆ, ಪ್ರಯೋಗಕ್ಕೆ ಅನುಮತಿ ನೀಡುವ ನೈತಿಕ ಸಮಿತಿಯಲ್ಲಿ ಕನಿಷ್ಠ ಏಳು ಸದಸ್ಯರಿರಬೇಕು. ಅವರಲ್ಲಿ ಒಬ್ಬ ಮಹಿಳೆ, ಒಬ್ಬ ಕಾನೂನು ತಜ್ಞ ಮತ್ತು ಒಬ್ಬ ಸಾಮಾನ್ಯ ನಾಗರಿಕ ಕಡ್ಡಾಯ. ಅರ್ಧದಷ್ಟು ಮಂದಿ ಆ ಸಂಸ್ಥೆಗೆ ಸೇರದವರಾಗಿರಬೇಕು. ಏಳರಲ್ಲಿ ಒಬ್ಬಳೆಂಬುದು ಕನಿಷ್ಠ ಮಿತಿಯೇ ಹೊರತು ಗುರಿಯಲ್ಲವೆಂಬುದನ್ನು ಸಂಸ್ಥೆಗಳು ಮರೆಯಬಾರದು. ಪ್ರಯೋಗದಿಂದ ಹಾನಿಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರ ಸಲ್ಲಬೇಕು. 2009ರಿಂದ ಪ್ರತಿಯೊಂದು ಪ್ರಯೋಗವೂ ಸಾರ್ವಜನಿಕರು ನೋಡಬಹುದಾದ ರಾಷ್ಟ್ರೀಯ ನೋಂದಣಿ ಪಟ್ಟಿಯಲ್ಲಿ ಮೊದಲೇ ದಾಖಲಾಗುವುದು ಕಡ್ಡಾಯವಾಗಿದೆ.

ಬೀದರ್, ಕಲಬುರಗಿ, ರಾಯಚೂರುಗಳಿಂದ ಹೈದರಾಬಾದಿನ ಆಸ್ಪತ್ರೆಗೆ ಹೋದ ಮಹಿಳೆಗೆ ಪ್ರಯೋಗದಲ್ಲಿ ಸೇರುವಂತೆ ಕೇಳಿದರೆ, ವಿವರಣೆಯು ಆಕೆಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಆಕೆಗೆ ತಿಳಿಯುವುದು ಕನ್ನಡವಾದರೆ ತೆಲುಗು ಪತ್ರದ ಮೇಲೆ ಹೆಬ್ಬೆಟ್ಟು ಒತ್ತಿಸುವಂತಿಲ್ಲ. ಓದು ಬಾರದಿದ್ದರೆ ನಿಷ್ಪಕ್ಷಪಾತಿ ಸಾಕ್ಷಿಯೊಬ್ಬರು ಆರಂಭದಿಂದ ಕೊನೆಯವರೆಗೆ ಜೊತೆಗಿರಬೇಕು. ಗಂಡನ ಅಥವಾ ಅತ್ತೆಯ ಸಮ್ಮತಿ ಆಕೆಯ ಸಮ್ಮತಿಗೆ ಬದಲಿಯಾಗದು. ಒಲ್ಲೆನೆಂದರೆ, ಅಥವಾ ನಡುವೆಯೇ ಬಿಟ್ಟುಬಂದರೆ, ಆಕೆಗೆ ಸಲ್ಲಬೇಕಾದ ಚಿಕಿತ್ಸೆಯನ್ನು ತಡೆಯುವಂತಿಲ್ಲ. ವಿವರಣೆಯ ಹಾಳೆ ಮತ್ತು ಸಹಿ ಮಾಡಿದ ಒಪ್ಪಿಗೆ ಪತ್ರದ ಒಂದು ಪ್ರತಿಯನ್ನು ಆಕೆಯ ಕೈಗೆ ಕೊಟ್ಟೇ ಕಳುಹಿಸಬೇಕು.