ಪ್ರಿಂಟ್ ಕೊಡುವಾಗ ತೆರೆಯುವ ಕಿಟಕಿ

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯೊಂದರ ಗಣಿತ ಮಾಸ್ತರರು ಪ್ರಶ್ನೆಪತ್ರಿಕೆಯಲ್ಲಿ 10 ಸೆಂಟಿಮೀಟರಿನ ಗೆರೆ ಎಳೆದು, ಅಳೆದು ಬರೆಯಲು ಹೇಳಿದ್ದಾರೆ ಎಂದುಕೊಳ್ಳಿ. ಪ್ರಿಂಟ್ ಕೊಡುವಾಗ ತೆರೆಯುವ ಕಿಟಕಿಯಲ್ಲಿ ‘ಶ್ರಿಂಕ್ ಟು ಪ್ರಿಂಟಬಲ್ ಏರಿಯಾ’ ಎಂದಿದ್ದು ಪುಟ ಶೇ 95ಕ್ಕೆ ಕುಗ್ಗಿದರೆ, ಕಾಗದದ ಮೇಲೆ ಆ ಗೆರೆ ಒಂಬತ್ತೂವರೆ. ಸರಿಯಾಗಿ ಅಳೆದ ಮಗುವಿಗೇ ಅಂಕ ಹೋಗುತ್ತದೆ. ಪೇಜ್ ಸ್ಕೇಲಿಂಗನ್ನು ‘ನನ್’ ಮಾಡಿದ್ದರೆ ಸಾಕಿತ್ತು.

ಕೇರಳದ ಶಾಲೆಗಳ ಕಂಪ್ಯೂಟರಿಗೂ ಪ್ರಿಂಟರಿಗೂ ಹಳೆಯ ನಂಟಿದೆ. 1980ರ ಸುಮಾರಿಗೆ ಅಮೆರಿಕದ ಎಂಐಟಿಯಲ್ಲಿ ಲೇಸರ್ ಪ್ರಿಂಟರೊಂದು ಮೇಲಿಂದ ಮೇಲೆ ಕಾಗದ ಸಿಕ್ಕಿಸಿಕೊಳ್ಳುತ್ತಿತ್ತು. ಹಾಗಾದಾಗ ಬಳಸುವವರಿಗೆ ಸುದ್ದಿ ಮುಟ್ಟುವಂತೆ ಪ್ರೋಗ್ರಾಮ್ ತಿದ್ದಲು ಹೊರಟ ರಿಚರ್ಡ್ ಸ್ಟಾಲ್‌ಮನ್‌ಗೆ ಅದರ ಸೋರ್ಸ್ ಕೋಡ್ ಸಿಗಲಿಲ್ಲ. ಮುಕ್ತ ತಂತ್ರಾಂಶದ ಚಳವಳಿಗೆ ಅವರನ್ನು ಹಚ್ಚಿದ್ದರಲ್ಲಿ ಆ ನಿರಾಕರಣೆಯ ಪಾಲು ದೊಡ್ಡದು. 2001ರ ಜುಲೈನಲ್ಲಿ ಅದೇ ಸ್ಟಾಲ್‌ಮನ್ ತಿರುವನಂತಪುರಕ್ಕೆ ಬಂದು ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಆಫ್ ಇಂಡಿಯಾವನ್ನು ಉದ್ಘಾಟಿಸಿದರು. ಮುಂದೆ ಐಟಿ ಅಟ್ ಸ್ಕೂಲ್ ಯೋಜನೆ, 2017ರಿಂದ ಕೈಟ್ ಸಂಸ್ಥೆ, ಶಾಲೆಗಳಿಗೆ ಮುಕ್ತ ತಂತ್ರಾಂಶವಾದ ಲಿನಕ್ಸ್ ಒಯ್ದವು. ತಿರುವನಂತಪುರದ ಉಳ್ಳೂರಿನ ಮಕ್ಕಳಂತೆ ಮಂಜೇಶ್ವರದ ಕನ್ನಡ ಮಕ್ಕಳಿಗೂ ಅದೇ ಡೆಸ್ಕ್‌ಟಾಪ್.

ಲಿನಕ್ಸಿನಲ್ಲಿ ಮುದ್ರಣದ ಹೊಣೆ ಹೊತ್ತಿರುವುದು 1999ರಲ್ಲಿ ಬಂದ ಕಪ್ಸ್ ಎಂಬ ತಂತ್ರಾಂಶ. ಅದರ ಮುಂದಿನ ಕಿಟಕಿ ಮಾತ್ರ ಒಬ್ಬೊಬ್ಬರದು ಒಂದೊಂದು ಬಗೆ. ಕೆಡಿಇ ಎಂಬ ಡೆಸ್ಕ್‌ಟಾಪ್ 2001ರಲ್ಲೇ ಸಮೃದ್ಧವಾದ ಮುದ್ರಣ ಸಲಕರಣೆ ಕೊಟ್ಟಿತು, ಕಿಟಕಿ-ಗುಂಡಿಗಳನ್ನು ಕಟ್ಟುವ ಸಲಕರಣೆಯಾದ ಜಿಟಿಕೆಗೆ ತನ್ನದೇ ಮುದ್ರಣ ಕಿಟಕಿ ಬಂದದ್ದು 2006ರಲ್ಲಿ, ಲಿಬ್ರೆಆಫೀಸಿನದು ಬೇರೆಯೇ. ಒಂದೇ ಪ್ರಿಂಟರಿಗೆ ಮೂರು ಕಿಟಕಿ, ಒಂದರಲ್ಲಿ ಕಲಿತದ್ದು ಇನ್ನೊಂದರಲ್ಲಿ ಕೈಗೆ ಸಿಗುವುದಿಲ್ಲ. ಇದು ಸಣ್ಣ ತೊಡಕಲ್ಲ. ಹೊಸ ಶಿಕ್ಷಕರು ಕಂಪ್ಯೂಟರಿಗೆ ಹೆದರುವುದು ಇಂಥ ಕಡೆಯಲ್ಲೇ. ಎಲ್ಲ ಕಿಟಕಿಗಳಿಗೂ ಒಂದೇ ಹಿನ್ನೆಲೆ ಕೊಡಲು ಓಪನ್‌ಪ್ರಿಂಟಿಂಗ್ ಬಳಗ ದುಡಿಯುತ್ತಿದೆ.

ಕನ್ನಡಕ್ಕೆ ಈ ಕಿಟಕಿಯ ದೊಡ್ಡ ಉಪಕಾರವೆಂದರೆ ‘ಪ್ರಿಂಟ್ ಟು ಫೈಲ್’. ನಮ್ಮ ಫಾಂಟ್ ಇಲ್ಲದ ಜೆರಾಕ್ಸ್ ಅಂಗಡಿಯಲ್ಲಿ ಕಡತ ತೆರೆದರೆ ಸಾಲು ಮುರಿದು ಪುಟವೇ ಜಾರಿಬಿಡಬಹುದು, ಒತ್ತಕ್ಷರ ಎಲ್ಲೋ ಹೋಗಿ ಕೂರಬಹುದು. ಅದರ ಬದಲು ಈ ಆಯ್ಕೆಯಿಂದ ಶಾಲೆಯಲ್ಲೇ ಪಿಡಿಎಫ್ ಮಾಡಿಕೊಂಡು ಪೆನ್ ಡ್ರೈವಿನಲ್ಲಿ ಒಯ್ದರೆ ಫಾಂಟ್ ಕಡತದೊಳಗೇ ಇರುತ್ತದೆ, ಅಕ್ಷರ ಕದಲುವುದಿಲ್ಲ.

ಮಕ್ಕಳ ಪತ್ರಿಕೆ ತರುವ ಶಾಲೆಗಳಿಗೆ ಲಿಬ್ರೆಆಫೀಸಿನ ಮುದ್ರಣ ಕಿಟಕಿಯಲ್ಲಿ, ಮಡಚಿದರೆ ಪುಸ್ತಿಕೆಯಾಗುವಂತೆ ಪುಟ ಜೋಡಿಸುವ ‘ಬ್ರೋಷರ್’ ಆಯ್ಕೆ ಇದೆ. 16 ಪುಟ ನಾಲ್ಕೇ ಹಾಳೆಯಲ್ಲಿ ಕೂರುತ್ತವೆ: ಹೊರಹಾಳೆಯ ಒಂದು ಮಗ್ಗುಲಲ್ಲಿ 16 ಮತ್ತು 1, ಹಿಂಬದಿಯಲ್ಲಿ 2 ಮತ್ತು 15. ಎರಡೂ ಮಗ್ಗುಲಿಗೆ ಮುದ್ರಿಸುವಾಗ ‘ಶಾರ್ಟ್ ಎಡ್ಜ್’ ಆರಿಸಬೇಕು, ಇಲ್ಲವಾದರೆ ಹಿಂಬದಿ ತಲೆಕೆಳಗು. ಐಸಿಟಿ ತರಗತಿಯ ಒಂದು ಪೀರಿಯಡ್ಡನ್ನು ಇದಕ್ಕೇ ಮೀಸಲಿಡಿ; ಮಡಚಿ ಹೊಲಿಯುವ ಕೆಲಸವನ್ನು ಮಕ್ಕಳಿಗೇ ಬಿಡಿ.