ತೆರೆದ ಬಾಗಿಲಿನ ದೇವಾಲಯ

‘ಅತಿಥಿ’ ಎಂಬ ಶಬ್ದಕ್ಕೆ ವೈಯಾಕರಣರು ಸಂಚಾರಾರ್ಥಕವಾದ ‘ಅತ್’ ಧಾತುವನ್ನು ಮೂಲವಾಗಿ ಹೇಳುತ್ತಾರೆ. ಲೋಕದಲ್ಲಿ ರೂಢವಾಗಿರುವ ಅರ್ಥವಾದರೋ, ತಿಥಿಯನ್ನು ನೋಡದೆ ಬರತಕ್ಕವನು ಎಂಬುದು. ಯಾವ ಅರ್ಥವನ್ನು ಹಿಡಿದರೂ, ಅವನು ಬರುವ ಹೊತ್ತನ್ನಾಗಲಿ ರೂಪವನ್ನಾಗಲಿ ಮನೆಯವರು ಗೊತ್ತುಮಾಡಲಾರರು. ಇದು ಎಷ್ಟು ಕಠಿನವಾದ ವ್ರತವೆಂಬುದನ್ನು ವಾಚಕರಿಗೆ, ವಿಶೇಷವಾಗಿ ಅಡಿಗೆಮನೆಯ ಭಾರವನ್ನು ಹೊತ್ತ ಗೃಹಿಣಿಯರಿಗೆ, ವಿವರಿಸಿ ಹೇಳಬೇಕಾದುದಿಲ್ಲ. ಒಂದು ದೇವಾಲಯಕ್ಕೆ ದೇವಾಲಯವೇ ಈ ವ್ರತವನ್ನು ಕೈಕೊಂಡರೆ ಏನಾಗುವುದು? ಅಮೆರಿಕಾ ದೇಶದ ಪಶ್ಚಿಮ ಕರಾವಳಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿರುವ ಗ್ಲೈಡ್ ಎಂಬ ಕ್ರೈಸ್ತ ದೇವಾಲಯದ ವೃತ್ತಾಂತವು ಈ ಪ್ರಶ್ನೆಗೆ ಒಂದು ಬಗೆಯ ಉತ್ತರವಾಗಿದೆ.

ಲಿಜ್ಜಿ ಗ್ಲೈಡ್ ಎಂಬ ಧನಿಕ ವಿಧವೆ ತನ್ನ ಪತಿಯ ಸ್ಮರಣಾರ್ಥವಾಗಿ ೧೯೨೯ರಲ್ಲಿ ಧರ್ಮನಿಧಿಯೊಂದನ್ನು ಸ್ಥಾಪಿಸಿ ಈ ದೇವಾಲಯಕ್ಕೆ ಅಸ್ತಿಭಾರವನ್ನು ಹಾಕಿದಳು. ಇದು ಮೆಥೊಡಿಸ್ಟ್ ಪಂಥದ್ದು. ನಮ್ಮ ಮೈಸೂರು ಸೀಮೆಯಲ್ಲಿ ಶಾಲೆಗಳನ್ನೂ ಅಚ್ಚುಕೂಟವನ್ನೂ ನಡೆಸಿ ಹೆಸರಾದ ವೆಸ್ಲಿಯನ್ ಮಿಷನ್ನಿನವರೂ ಇದೇ ಮೂಲದವರು. ದೇವಾಲಯವು ನಿಂತಿರುವುದು ಎಲ್ಲಿಸ್ ಮತ್ತು ಟೇಲರ್ ಎಂಬ ಬೀದಿಗಳು ಕೂಡುವ ಮೂಲೆಯಲ್ಲಿ, ಟೆಂಡರ್‌ಲಾಯಿನ್ ಎಂಬ ಪೇಟೆಯ ನಡುವೆ. ಅಗ್ಗದ ವಸತಿಗೃಹಗಳು, ಕುಡಿತ, ದಿಕ್ಕಿಲ್ಲದ ಮುದುಕರು, ಮನೆಬಿಟ್ಟು ಓಡಿಬಂದ ಹುಡುಗರು, ಇವುಗಳಿಗೆ ಆ ಪೇಟೆ ಪ್ರಸಿದ್ಧ. ೧೯೬೩ರ ವೇಳೆಗೆ ಭಾನುವಾರದ ಪ್ರಾರ್ಥನೆಗೆ ಬರುತ್ತಿದ್ದವರು ಸುಮಾರು ೩೫ ಮಂದಿ ಮಾತ್ರ. ಹೊರಗೆ ಬೀದಿಯ ತುಂಬ ಜನ, ಒಳಗೆ ಬರಿದಾದ ಪೀಠಗಳು.

ಆ ವರ್ಷ ಅಲ್ಲಿಗೆ ಉಪದೇಶಕರಾಗಿ ಬಂದವರು ಸೆಸಿಲ್ ವಿಲಿಯಮ್ಸ್. ೧೯೨೯ರಲ್ಲಿ ಟೆಕ್ಸಾಸ್ ಪ್ರಾಂತದ ಸ್ಯಾನ್ ಆಂಜೆಲೋ ಎಂಬ ಊರಿನಲ್ಲಿ ಹುಟ್ಟಿದವರು, ಕಪ್ಪು ಜನಾಂಗದವರು. ಬಿಳಿಯರ ಮಕ್ಕಳಿಗೊಂದು ಶಾಲೆ, ಕಪ್ಪು ಮಕ್ಕಳಿಗೊಂದು ಶಾಲೆ ಎಂಬ ಕಟ್ಟಳೆಯ ಕಾಲದಲ್ಲಿ ಬೆಳೆದವರು. ಡಲ್ಲಾಸ್ ನಗರದ ಧರ್ಮಶಾಸ್ತ್ರ ವಿದ್ಯಾಲಯದಲ್ಲಿ ಪದವಿಯನ್ನು ಪಡೆದ ಮೊದಲ ಐವರು ಕಪ್ಪು ವಿದ್ಯಾರ್ಥಿಗಳಲ್ಲಿ ಇವರೊಬ್ಬರು. ಮುಚ್ಚಿದ ಬಾಗಿಲೆಂದರೇನೆಂದು ಇವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಆದಕಾರಣ ಬೀದಿಯಲ್ಲಿದ್ದವರನ್ನೇ ಒಳಗೆ ಕರೆದರು. ಕುಡುಕರು ಬಂದರು, ಪತಿತೆಯರೆನಿಸಿಕೊಂಡವರು ಬಂದರು, ಸಮಾಜವು ಹೆಸರೆತ್ತಲು ಹೇಸುತ್ತಿದ್ದ ಸಲಿಂಗಪ್ರೇಮಿಗಳು ಬಂದರು. ಭಜನೆಯ ಧಾಟಿಯೂ ಬದಲಾಯಿತು. ಜಾಸ್ ಸಂಗೀತವೂ, ಕಪ್ಪು ಜನರ ಉತ್ಸಾಹಭರಿತವಾದ ಗಾನವೂ ಮೊಳಗತೊಡಗಿದುವು.

೧೯೬೭ರಲ್ಲಿ ವಿಲಿಯಮ್ಸರು ಇನ್ನೊಂದು ಹೆಜ್ಜೆಯನ್ನು ಇಟ್ಟರು. ವೇದಿಕೆಯ ಮೇಲಿದ್ದ ಶಿಲುಬೆಯನ್ನು ತೆಗೆಸಿಬಿಟ್ಟರು. ಅದು ಮರಣದ ಚಿಹ್ನೆ, ಇಲ್ಲಿ ಆಚರಿಸಬೇಕಾದುದು ಜೀವನವನ್ನು ಎಂಬುದು ಅವರ ವಾದ. ಹಳೆಯ ಸಭಿಕರಲ್ಲಿ ಅನೇಕರು ನೊಂದು ಬಿಟ್ಟುಹೋದರು. ಅವರನ್ನು ಸಂಕುಚಿತಬುದ್ಧಿಯವರೆಂದು ತಳ್ಳಿಹಾಕುವುದು ನನಗೆ ನ್ಯಾಯವಾಗಿ ತೋರುವುದಿಲ್ಲ. ಬಂದವರಿಗೆ ಸಂಕೋಚವಾಗದಿರಲೆಂದು ನಮ್ಮ ದೇವರ ಮಂಟಪದಿಂದ ಸಾಲಿಗ್ರಾಮವನ್ನೆತ್ತಿ ಒಳಗಿಟ್ಟಿದ್ದರೆ ನಮ್ಮ ಹಿರಿಯರು ಸುಮ್ಮನಿರುತ್ತಿದ್ದರೆ? ಹೊಸಬರಿಗಾಗಿ ಬಾಗಿಲನ್ನು ತೆಗೆದಾಗ ಅದರ ಬೆಲೆಯ ಒಂದು ಪಾಲನ್ನು ಮನೆಯೊಳಗೆ ಮೊದಲೇ ಇದ್ದವರು ತೆರಬೇಕಾಗುತ್ತದೆ. ಸತ್ಕಾರವನ್ನು ಹೊಗಳುವವರು ಈ ಲೆಕ್ಕವನ್ನು ಸಾಮಾನ್ಯವಾಗಿ ಮರೆಯುತ್ತಾರೆ.

ಅದು ಹಾಗಿರಲಿ, ಬಂದವರಿಗೆ ಏನು ದೊರೆಯಿತು ಎಂಬುದನ್ನು ನೋಡೋಣ. ಕ್ರಿಸ್ ಗಾರ್ಡನರ್ ಎಂಬುವರ ಅನುಭವವನ್ನು ಅವರೇ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ೧೯೮೦ರ ದಶಕದ ಆದಿಯಲ್ಲಿ ಅವರು ಷೇರುಗಳ ದಲ್ಲಾಳಿ ಕಚೇರಿಯೊಂದರಲ್ಲಿ ಅಲ್ಪ ಸಂಬಳಕ್ಕೆ ಕೆಲಸ ಕಲಿಯುತ್ತಿದ್ದರು. ಮಗುವಿನ ತಾಯಿ ಎಳೆಯ ಮಗನನ್ನು ಇವರಿಗೆ ಒಪ್ಪಿಸಿ ಹೋದಳು. ಇವರಿದ್ದ ಬಾಡಿಗೆಯ ಮನೆಯಲ್ಲಿ ಮಕ್ಕಳಿಗೆ ಎಡೆಯಿರಲಿಲ್ಲ. ಹಗಲೆಲ್ಲ ಕೋಟು ತೊಟ್ಟು ಕಚೇರಿಯಲ್ಲಿ ಕುಳಿತಿದ್ದ ಮನುಷ್ಯ, ರಾತ್ರಿ ಮಗುವನ್ನೆತ್ತಿಕೊಂಡು ರೈಲುನಿಲ್ದಾಣದ ಶೌಚಗೃಹದಲ್ಲಿ ಬಾಗಿಲಿಕ್ಕಿಕೊಂಡು ಮಲಗಿದ್ದುಂಟು. ಗ್ಲೈಡಿನವರು ನಿರ್ಗತಿಕರಾದ ತಾಯಂದಿರಿಗೂ ಅವರ ಮಕ್ಕಳಿಗೂ ಒಂದು ವಸತಿಯನ್ನು ಏರ್ಪಡಿಸಿದ್ದರು. ಗಾರ್ಡನರ್ ಅಲ್ಲಿಗೆ ಹೋಗಿ ಕೇಳಿದರು. ಅದು ಸ್ತ್ರೀಯರಿಗಾಗಿ ಇದ್ದದ್ದು. ನಿಯಮವನ್ನು ತೋರಿಸಿ ಕಳುಹಿಸಿಬಿಡಬಹುದಾಗಿತ್ತು. ವಿಲಿಯಮ್ಸರು ಅನುಮಾನಿಸದೆ ಒಪ್ಪಿಕೊಂಡರು. ಬೆಳಗ್ಗೆ ಗಂಟುಮೂಟೆಯೊಡನೆ ಕೊಠಡಿಯನ್ನು ಬಿಡಬೇಕು, ಸಂಜೆ ಮತ್ತೆ ಬರಬೇಕು. ಊಟ ಗ್ಲೈಡಿನ ಪಂಕ್ತಿಯಲ್ಲಿ. ಮುಂದೆ ೧೯೮೭ರಲ್ಲಿ ಗಾರ್ಡನರ್ ಷಿಕಾಗೋ ನಗರದಲ್ಲಿ ಸ್ವಂತ ವ್ಯಾಪಾರಸಂಸ್ಥೆಯನ್ನೇ ಸ್ಥಾಪಿಸಿದರು. ೨೦೦೬ರಲ್ಲಿ ಅವರ ಕಥೆ ಚಲಚ್ಚಿತ್ರವಾದಾಗ ವಿಲಿಯಮ್ಸರು ಅದರಲ್ಲಿ ತಮ್ಮ ಪಾತ್ರವನ್ನು ತಾವೇ ವಹಿಸಿದರು. ಎಲ್ಲರೂ ಗಾರ್ಡನರ್ ಆಗುವುದಿಲ್ಲ, ನಿಜ. ಆ ಸಾಲಿನಲ್ಲಿ ಇಪ್ಪತ್ತು ವರ್ಷ ನಿಂತು ಆ ಸಾಲಿನಲ್ಲಿಯೇ ಮುಪ್ಪಾದವರಿಗೂ ತಟ್ಟೆಯಲ್ಲಿ ಬಡಿಸಿದ್ದು ಅದೇ ಅನ್ನವೇ.

ಇನ್ನೊಬ್ಬರು ಜಾನಿಸ್ ಮಿರಿಕಿಟಾನಿ. ೧೯೪೧ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಜಪಾನೀ ವಂಶದಲ್ಲಿ ಹುಟ್ಟಿದರು. ಯುದ್ಧಕಾಲದಲ್ಲಿ ಅಮೆರಿಕಾ ಸರ್ಕಾರವು ಜಪಾನೀ ಮೂಲದ ತನ್ನ ಪ್ರಜೆಗಳನ್ನೇ ಸೆರೆಶಿಬಿರಗಳಲ್ಲಿ ಕೂಡಿಹಾಕಿತಷ್ಟೆ. ಈ ಹಸುಗೂಸೂ ತನ್ನವರೊಡನೆ ಆರ್ಕನ್ಸಾ ಪ್ರಾಂತದ ಶಿಬಿರಕ್ಕೆ ಹೋಯಿತು. ಬಳಿಕ ಬಾಲ್ಯದಲ್ಲಿ ಮಲತಂದೆಯಿಂದಲೇ ಅತ್ಯಾಚಾರಕ್ಕೆ ಗುರಿಯಾದರು. ಇದನ್ನು ಬರೆಯಲು ಲೇಖನಿ ಹಿಂಜರಿಯುತ್ತದೆ. ಆದರೆ ಆಕೆ ಮುಚ್ಚಿಡಲಿಲ್ಲವಾದುದರಿಂದ ನಾವು ಮುಚ್ಚಿಡುವುದು ಉಚಿತವಲ್ಲ. ೧೯೬೦ರ ದಶಕದ ನಡುವೆ ಗ್ಲೈಡಿಗೆ ಆಕೆ ಬಂದದ್ದು ಭಕ್ತಿಯಿಂದಲ್ಲ, ಸಣ್ಣದೊಂದು ಬರವಣಿಗೆಯ ಕೆಲಸಕ್ಕಾಗಿ. ಅಲ್ಲಿ ಇತರರು ತಮ್ಮ ದುಃಖಗಳನ್ನು ಸಭೆಯ ಮುಂದೆ ಬಾಯಿಬಿಟ್ಟು ಹೇಳುವುದನ್ನು ಕೇಳಿ ಕೇಳಿ, ಬಹುಕಾಲದ ಮೇಲೆ ತಾನೂ ಹೇಳಿದರು, ಕವಿತೆಗಳಲ್ಲಿ ಬರೆದರು. ಮಾದಕವಸ್ತುಗಳ ಚಟಕ್ಕೆ ಸಿಕ್ಕಿದ ಸ್ತ್ರೀಯರು ಒಂದುಗೂಡಿ ಕುಳಿತು ಮಾತನಾಡತಕ್ಕ ಕೂಟಗಳನ್ನು ನಡೆಸಿದರು. ಕೆಲಸ ಕೇಳಿ ಬಂದವರು ಸಂಸ್ಥೆಯ ಯಾವತ್ತೂ ಕಾರ್ಯಗಳಿಗೆ ಯಜಮಾನಿಯಾದರು. ೧೯೮೨ರಲ್ಲಿ ವಿಲಿಯಮ್ಸರನ್ನು ವಿವಾಹವಾದರು. ೨೦೦೦ದಲ್ಲಿ ನಗರದ ಆಸ್ಥಾನಕವಿ ಪದವಿಯೂ ಸಂದಿತು. ೨೦೨೧ರಲ್ಲಿ ತೀರಿಕೊಂಡರು.

ಉಣ್ಣಲು ಬಂದವನೇ ನಾಳೆ ಬಡಿಸಲು ನಿಲ್ಲುವುದು ಇಲ್ಲಿಯ ವಿಶೇಷ. ಬಡಿಸುವವರಲ್ಲಿ ಶ್ರೀಮಂತರೂ ಉಂಟು. ವಾರನ್ ಬಫೆಟ್ ಎಂಬ ಕುಬೇರನ ಪತ್ನಿ ಸೂಸನ್ ಇಲ್ಲಿ ಸೇವೆ ಮಾಡುತ್ತಿದ್ದರು. ಆಕೆಯ ಮೂಲಕ ಇದರ ಪರಿಚಯವಾದ ಬಫೆಟ್ಟರು, ತಮ್ಮೊಡನೆ ಒಂದು ಹೊತ್ತು ಊಟಮಾಡುವ ಅವಕಾಶವನ್ನೇ ೨೦೦೦ದಿಂದ ಹರಾಜಿಗಿಟ್ಟು ಬಂದ ಹಣವನ್ನು ಗ್ಲೈಡಿಗೆ ಕೊಟ್ಟರು. ೨೦೨೨ರ ಹರಾಜಿನಲ್ಲಿ ಒಂದು ಊಟಕ್ಕೆ ಬಂದದ್ದು ೧ ಕೋಟಿ ೯೦ ಲಕ್ಷ ಡಾಲರು. ಒಂದು ಊಟದ ಬೆಲೆಯಿಂದ ಸಹಸ್ರಾರು ಜನರ ಊಟ, ವಿಚಿತ್ರವಾದ ಅರ್ಥಶಾಸ್ತ್ರ.

ಇಷ್ಟಾದರೂ ಹಳೆಯ ಪ್ರಶ್ನೆ ತೀರಲಿಲ್ಲ. ೨೦೧೮ರಲ್ಲಿ ಪಂಥದ ಬಿಷಪ್ಪರು, ಇಲ್ಲಿಯ ಭಾನುವಾರದ ಕೂಟದಲ್ಲಿ ದೀಕ್ಷಾಸ್ನಾನವೂ ಪ್ರಭುಭೋಜನವೂ ಇಲ್ಲ, ಇದನ್ನು ಕ್ರೈಸ್ತ ಆರಾಧನೆಯೆಂದು ಹೇಗೆ ಕರೆಯುವುದೆಂದು ಆಕ್ಷೇಪಿಸಿ, ಪಾದ್ರಿಗಳನ್ನು ಬೇರೆಡೆಗೆ ವರ್ಗಾಯಿಸಿದರು. ವ್ಯಾಜ್ಯ ನ್ಯಾಯಾಲಯದವರೆಗೆ ಹೋಯಿತು. ೨೦೨೦ರಲ್ಲಿ ಒಪ್ಪಂದವಾಗಿ ಗ್ಲೈಡ್ ಪಂಥವನ್ನು ಬಿಟ್ಟು ಸ್ವತಂತ್ರವಾಯಿತು. ಬಿಷಪ್ಪರ ಮಾತಿನಲ್ಲಿ ಶಾಸ್ತ್ರವಿತ್ತು. ವಿಧಿಯನ್ನು ಪೂರ್ತಿ ಬಿಟ್ಟ ಮೇಲೆ ದೇವಾಲಯಕ್ಕೂ ಅನ್ನಸತ್ರಕ್ಕೂ ಭೇದವೇನೆಂದು ಕೇಳುವುದು ತಪ್ಪಲ್ಲ. ಆದರೆ ಗಾರ್ಡನರ್ ಬಂದು ನಿಂತ ದಿನ ಈ ಪ್ರಶ್ನೆಯನ್ನು ಮೊದಲು ಬಿಡಿಸಿಕೊಂಡು ಆಮೇಲೆ ಬಾಗಿಲು ತೆಗೆಯುವೆವೆಂದಿದ್ದರೆ, ಆ ಮಗು ಅಂದಿನ ರಾತ್ರಿ ಎಲ್ಲಿ ಮಲಗಬೇಕಾಗಿತ್ತು?

ವಿಲಿಯಮ್ಸರು ೨೦೨೪ರ ಏಪ್ರಿಲ್ ೨೨ರಂದು, ತಮ್ಮ ೯೪ನೆಯ ವಯಸ್ಸಿನಲ್ಲಿ ತೀರಿಕೊಂಡರು. ಎಲ್ಲಿಸ್ ಬೀದಿಯಲ್ಲಿ ಊಟದ ಸಾಲು ಅವರ ತರುವಾಯವೂ ನಿಲ್ಲುತ್ತಿದೆ.