ಎರಡು ಕೋಟಿಯ ರೈಡರ್, ಕೊಬ್ಬರಿಯ ಲೆಕ್ಕ

ತಿಪಟೂರು ಎಪಿಎಂಸಿಯಲ್ಲಿ ಹರಾಜಿನ ದಿನ ವರ್ತಕರು ಚೀಲಕ್ಕೆ ಕೈಹಾಕಿ ಉಂಡೆ ಕೊಬ್ಬರಿ ನೋಡಿಯೇ ದರ ಹಾಕುವುದು. ಹೋದ ವರ್ಷ ಅದೇ ತೋಟದ ಕೊಬ್ಬರಿ ಎಷ್ಟಕ್ಕೆ ಹೋಗಿತ್ತು ಅನ್ನುವುದು ಅಲ್ಲಿ ನಡೆಯದ ಮಾತು. ಪ್ರೊ ಕಬಡ್ಡಿ ಹರಾಜಿನಲ್ಲಿ ಮಾತ್ರ ಹಳೇ ಸೀಸನ್ನಿನ ಅಂಕಕ್ಕೇ ಕೋಟಿ ಸುರಿಯುತ್ತಾರೆ.

ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ ನೋಡಿ ಬೆಳೆದವರಿಗೆ ಪವನ್ ಸೆಹ್ರಾವತ್ ಯಾರೆಂದು ಹೇಳಬೇಕಿಲ್ಲ. 2019ರ ಜನವರಿಯ ಫೈನಲ್‌ನಲ್ಲಿ ಗುಜರಾತ್ ವಿರುದ್ಧ ಒಬ್ಬರೇ 22 ಅಂಕ ತಂದು ಬೆಂಗಳೂರು ಬುಲ್ಸ್‌ಗೆ ಕಪ್ ಕೊಡಿಸಿದವರು. ಮರುಸೀಸನ್‌ನಲ್ಲಿ 346 ರೈಡ್ ಅಂಕ. ಅಂಥವರನ್ನು ಬುಲ್ಸ್ 2022ರಲ್ಲಿ ಉಳಿಸಿಕೊಳ್ಳಲಿಲ್ಲ. ತಮಿಳ್ ತಲೈವಾಸ್ 2.26 ಕೋಟಿ ಕೊಟ್ಟು ಕೊಂಡಿತು. ಬುಲ್ಸ್‌ಗೆ ಬುದ್ಧಿ ಕೆಟ್ಟಿದೆ ಅಂದುಕೊಂಡವರಲ್ಲಿ ನಾನೂ ಒಬ್ಬ.

ಆ ಅಕ್ಟೋಬರ್‌ನಲ್ಲಿ, ಬೆಂಗಳೂರಿನ ಕಂಠೀರವದಲ್ಲೇ, ಹೊಸ ತಂಡದ ಮೊದಲ ಪಂದ್ಯದಲ್ಲೇ ಪವನ್ ಮಂಡಿ ಹೋಯಿತು. ಸೀಸನ್ ಅಲ್ಲಿಗೆ ಮುಗಿಯಿತು. ಒಣಗಿದ ಕಾಯನ್ನು ಕಿವಿಯ ಬಳಿ ಅಲ್ಲಾಡಿಸಿದರೆ ಒಳಗೆ ಗಿಟುಕು ಬಿಟ್ಟಿದೆಯೋ ಇಲ್ಲವೋ ತಿಳಿಯುತ್ತದೆ. ಮಂಡಿಯನ್ನು ಹಾಗೆ ಅಲ್ಲಾಡಿಸಿ ನೋಡಲಾಗುವುದಿಲ್ಲವಲ್ಲ.

ತಮಾಷೆ ಏನೆಂದರೆ, ಆ ವರ್ಷ ಎರಡೂ ತಂಡಗಳು ಸೆಮಿಫೈನಲ್ ಮುಟ್ಟಿದವು. ತಲೈವಾಸ್‌ಗೆ ಹೊಸ ಹುಡುಗ ನರೇಂದರ್ ಅಂಕ ತಂದರು. ಬುಲ್ಸ್ 1.70 ಕೋಟಿಗೆ ವಿಕಾಸ್ ಕಂಡೋಲಾರನ್ನು ತಂದಿತ್ತು. ಆದರೂ ಭಾರ ಹೊತ್ತವರು 279 ರೈಡ್ ಅಂಕದ ಭರತ್.

2023ರಲ್ಲಿ ತೆಲುಗು ಟೈಟನ್ಸ್ ಪವನ್‌ಗೆ 2.605 ಕೋಟಿ ಕೊಟ್ಟಿತು. ಇಡೀ ತಂಡಕ್ಕೆ ಇದ್ದ ಮಿತಿಯೇ 5 ಕೋಟಿ. ಪವನ್ 200ಕ್ಕೂ ಹೆಚ್ಚು ರೈಡ್ ಅಂಕ ತಂದರು, ತಂಡ 22 ಪಂದ್ಯಗಳಲ್ಲಿ ಗೆದ್ದದ್ದು ಎರಡೇ ಎರಡು. ಹಾಗಂತ ಅಗ್ಗದ ತಾರೆ ಸಿಕ್ಕರೆ ಸಾಕೇ? ಮರುವರ್ಷ ಬುಲ್ಸ್ ಪರ್ದೀಪ್ ನರ್ವಾಲ್‌ರನ್ನು 70 ಲಕ್ಷಕ್ಕೇ ಪಡೆಯಿತು. ಅಲ್ಲೂ 22ಕ್ಕೆ ಎರಡೇ ಗೆಲುವು, ಕೊನೆಯ ಸ್ಥಾನ.

ನನ್ನ ಪ್ರಕಾರ ಲೆಕ್ಕ ತಪ್ಪುವುದು ಕಬಡ್ಡಿಯ ಒಂದು ನಿಯಮದಲ್ಲಿ. ಔಟಾದ ರೈಡರ್ ತಾನಾಗಿ ಒಳಗೆ ಬರುವಂತಿಲ್ಲ. ಉಳಿದವರು ಎದುರಾಳಿಯೊಬ್ಬನನ್ನು ಹಿಡಿಯಬೇಕು, ಇಲ್ಲವೇ ಮುಟ್ಟಿ ಬರಬೇಕು. ಮೂಲೆಯಲ್ಲಿ ಕಾಲು ಹಿಡಿಯುವವನಿಗೆ ದುಡ್ಡು ಉಳಿಸದಿದ್ದರೆ ಎರಡೂವರೆ ಕೋಟಿ ಗೆರೆಯಾಚೆ ಕೂತು, ಯಾರಾದರೂ ಕರೆದಾರೇನೋ ಎಂದು ಕಾಯುತ್ತಿರುತ್ತದೆ.